ಎಡಗೈ

ಔಲು ಪಟ್ಟಣ, ಜನವರಿ. ಒಂಬತ್ತಾದರೂ ಕಿಟಕಿಯಾಚೆ ಕತ್ತಲೆ.
ಐದು ವರ್ಷದ ವೇಯ್ಕೊ ಕುರ್ಚಿಯ ಮೇಲಲ್ಲ,
ಕುರ್ಚಿಯ ಕೆಳಗೆ ಕೂತಿದ್ದಾನೆ, ಒದ್ದೆ ಬೂಟಿನ ಸಮೇತ.

ಮಂಪರಿನ ಔಷಧದ ಚೀಟಿ ಅವನಮ್ಮನ ಮುಷ್ಟಿಯಲ್ಲಿ.
"ಇರಲಿ, ಮೊದಲು ನೋಡೋಣ" ಎಂದವರೇ ಡಾಕ್ಟರ್ ಸಿನಿಕ್ಕ
ತಾವೂ ನೆಲಕ್ಕೆ ಕೂತರು.
ಮಂಡಿ ಲಟಕ್ಕೆಂದಿತು. ಅವನು ನಕ್ಕ.

ಪುಟ್ಟ ಕನ್ನಡಿ ಮೊದಲು ಅವನ ಹೆಬ್ಬೆರಳು ನೋಡಿತು.
ಗಿರಗಿರ ಕುಂಚ ಉಗುರಿಗೆ ಕಚಗುಳಿಯಿಟ್ಟಿತು.
ಎಂಜಲು ಹೀರುವ ನಳಿಕೆ, ಅದು ನನ್ನ ಪಾಲು,
ಅವನ ಬೊಗಸೆಯ ನೀರನ್ನು ಸುರ್ರೆಂದು ಕುಡಿಯಿತು.

"ಎಡಗೈ ಎತ್ತು, ನಿಲ್ಲಿಸ್ತೀನಿ."
ಎತ್ತಿದ. ನಿಲ್ಲಿಸಿದರು.
ಮತ್ತೆ ಎತ್ತಿದ, ನೋವಿಗಲ್ಲ.
ನಿಲ್ಲಿಸಿದರು.
ಮೂರು, ನಾಲ್ಕು, ಹನ್ನೊಂದು ಸಲ.
ನಾನು ಗಡಿಯಾರ ನೋಡಿದೆ; ಅವರು ನೋಡಲಿಲ್ಲ.
ಮಡಕೆ ಕೊಳ್ಳುವವರ ಹಾಗೆ ಹುಡುಗ
ಕೊಟ್ಟ ಮಾತನ್ನು ತಟ್ಟಿ ತಟ್ಟಿ ನೋಡುತ್ತಿದ್ದ.

ಹನ್ನೆರಡನೆಯ ಸಲ ಕೈ ಅರ್ಧಕ್ಕೆದ್ದು,
ಮೂಗು ತುರಿಸಿಕೊಂಡು, ಇಳಿಯಿತು.
ಹುಳುಕು ಹಲ್ಲು ತುಂಬಿತು.

ಮೂವತ್ತು ವರ್ಷದ ಹಿಂದೆ, ಇದೇ ಊರಲ್ಲಿ,
ನನ್ನನ್ನು ಇಬ್ಬರು ಅದುಮಿ ಹಿಡಿದಿದ್ದರು.
ಎಲ್ಲರೂ ಹೋದ ಮೇಲೆ, ನಳಿಕೆ ತೊಳೆಯುತ್ತ,
ಸುಮ್ಮನೆ ಒಮ್ಮೆ ಎಡಗೈ ಎತ್ತಿದೆ.

ಬಾಗಿಲಲ್ಲಿ, ಕೋಟಿಗೆ ಒಂದೇ ತೋಳು ತೂರಿಸಿ,
ಸಿನಿಕ್ಕ ನಿಂತರು.