ಅರವತ್ತೊಂದು ದಿನ

ಬೋಟಿನಲ್ಲಿ ನಾನು ಭಂಡಾರಿ.
ಎಂಟು ಜನರ ಅನ್ನ, ಒಂದೇ ಒಲೆ.
ಎಣ್ಣೆ ಡಬ್ಬ ಬಗ್ಗಿಸಿದರೆ ನಿಲ್ಲಿಸಿ ಗೊತ್ತಿಲ್ಲ,
ಅದು ಸಾಹುಕಾರರ ಲೆಕ್ಕ.
ಸಾರು ಉಪ್ಪಾದರೆ ಕಡಲಿಗೆ ಚೆಲ್ಲು,
ಕಡಲು ಎಂದೂ ದೂರಿದ್ದಿಲ್ಲ.

ಜೂನ್ ಒಂದಕ್ಕೆ ದಕ್ಕೆಯಲ್ಲಿ ಹಗ್ಗ ಬಿಗಿದು
ಕಡವು ದಾಟಿ ಬೆಂಗ್ರೆಗೆ ಬಂದರೆ
ಅಡುಗೆಮನೆ ಬಾಗಿಲಲ್ಲೇ ಚಂಚಲಾಕ್ಷಿ:
"ಇಲ್ಲಿ ನಿಮಗೆ ಕೆಲಸವಿಲ್ಲ. ಕೂತುಕೊಳ್ಳಿ."

ಕೂತೆ.
ಕೂತಲ್ಲಿಂದ ಹಲಗೆಯ ಸಾಲು ಕಾಣುತ್ತದೆ.
ಹಾರ್ಲಿಕ್ಸ್ ಬಾಟಲಿಯಲ್ಲಿ ಪುನರ್ಪುಳಿ ಸಿಪ್ಪೆ.
ಬಿಸ್ಕೆಟ್ ಡಬ್ಬಿಯಲ್ಲಿ ಹಲಸಿನ ಹಪ್ಪಳ,
ಅದರ ಸುತ್ತ ಕಾಗದ, ಕಾಗದದ ಸುತ್ತ ಪ್ಲಾಸ್ಟಿಕ್,
ಪ್ಲಾಸ್ಟಿಕ್ಕಿನ ಸುತ್ತ ಅವಳ ಕಣ್ಣು.
ಮೂಲೆಯ ಭರಣಿಯಲ್ಲಿ ಉಪ್ಪುನೀರಿಗೆ ಮುಳುಗಿದ ಸೊಳೆ,
ಮೇಲೊಂದು ಕಲ್ಲು,
ನಮ್ಮ ಬೋಟಿನ ಲಂಗರಿಗಿಂತ ನಂಬಬಹುದಾದದ್ದು.

ಆ ಹಲಸು ಬಂದರಿನಲ್ಲಿ ಕೊಂಡದ್ದಂತೆ,
ಗಾಡಿಯವನಿಗೆ ಮನೆಗೆ ಹೋಗುವ ಅವಸರ ಬರುವವರೆಗೆ ಕಾದು.
ಕಡವಿನ ಹುಡುಗ ಹಲಸಿಗೂ ಟಿಕೆಟ್ ಕೇಳಿದನಂತೆ.
ಇವಳು ಅದನ್ನು ತೊಡೆಯ ಮೇಲಿಟ್ಟು ಸೆರಗು ಹೊದೆಸಿ
"ಮಡಿಲ ಮಗುವಿಗೂ ಟಿಕೆಟ್ ಉಂಟಾ?" ಅಂದಳಂತೆ.

ಬೇಳೆಯಲ್ಲಿ ಎರಡು ಒಣಮೆಣಸು, ಹುಳಕ್ಕೆ.
ಉಪ್ಪಿನಲ್ಲಿ ನಾಲ್ಕು ಕಾಳು ಅಕ್ಕಿ, ಮಳೆಗಾಲದ ನೀರು ಕುಡಿಯಲು.
ಹಲಸಿನ ಬೀಜ ಮರಳಿನೊಳಗೆ.
ಬೆಂಗ್ರೆಯಲ್ಲಿ ಏನಿಲ್ಲದಿದ್ದರೂ ಮರಳುಂಟು.
ಮತ್ತೆ, ನಾನು ಎಸೆದಿದ್ದ ಬಲೆ:
ಮೇ ತಿಂಗಳ ಬಿಸಿಲಲ್ಲಿ ಹಪ್ಪಳದ ಮೇಲೆ ಕಟ್ಟಿದ್ದು, ಕಾಗೆಗೆ;
ಅದರಲ್ಲಿ ಹರಿದ ತುಂಡು ಪಾತ್ರೆ ತಿಕ್ಕಲು;
ತಿಕ್ಕಿ ಸವೆದದ್ದು ತೊಂಡೆ ಬಳ್ಳಿಯ ಕಟ್ಟಿಗೆ.
"ಕಡಲಲ್ಲೂ ಇಷ್ಟು ದುಡಿದಿರಲಿಲ್ಲ ಈ ಬಲೆ," ಅಂದೆ.
ಅವಳು ನಗಲಿಲ್ಲ.
ರಸ ಹಿಂಡಿದ ಹುಣಸೆ ಚರಟದಲ್ಲಿ
ದೀಪ ತಿಕ್ಕುತ್ತಿದ್ದಳು.

ಅವಳು ರೇಷನ್ ಸಾಲಿಗೆ ಹೋದ ದಿನ
ನಾನೇ ಅಡುಗೆಗಿಳಿದೆ, ಬೋಟಿನ ಕೈಯಲ್ಲಿ.
ಒಣ ನಂಗ್ ಎಣ್ಣೆಯಲ್ಲಿ ಈಜಾಡಿತು.
ಬಂದವಳು ಬಾಣಲೆ ನೋಡಿದಳು. ಒಂದು ಮಾತಿಲ್ಲ.
ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ
ಲೋಟಕ್ಕೆ ಹಾಕಿ ತಟ್ಟೆ ಮುಚ್ಚಿದಳು.
ಆಮೇಲೆ ನಾಲ್ಕು ದಿನ
ಹರಿವೆ ಪಲ್ಯಕ್ಕೂ ನಂಗಿನ ವಾಸನೆ.
ತಲೆ ಎತ್ತದೆ ಉಂಡೆ.

ದಿನವೂ ಅಕ್ಕಿ ಅಳೆದು, ತೊಳೆಯುವ ಮೊದಲು
ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ.
"ಮೊದಲೇ ಕಡಿಮೆ ಅಳೆದರಾಗದಾ?"
"ಕಡಿಮೆ ಅಳೆಯಲು ಕೈ ಬರುವುದಿಲ್ಲ," ಅಂದಳು,
"ತೆಗೆಯಲಿಕ್ಕೆ ಬರುತ್ತದೆ."

ಜುಲೈ ಇಪ್ಪತ್ತಮೂರು. ಸಾಹುಕಾರರ ಮುಂಗಡ ಮುಗಿದು
ಅಕ್ಕಿಯ ಚೀಲ ಕೊಡವಿ ಮಡಚಿಟ್ಟಿದ್ದೂ ಆಗಿತ್ತು.
ಆ ಡಬ್ಬಿ ಕೆಳಗಿಳಿಯಿತು.
ಐವತ್ತೆರಡು ಹಿಡಿ.
ಗಂಜಿ, ಉಪ್ಪು ಬಿಡಿಸಿದ ಸೊಳೆಯ ಪಲ್ಯ,
ಕೆಂಡದಲ್ಲಿ ಸುಟ್ಟ ಹಪ್ಪಳ, ಎಣ್ಣೆಯ ಮಾತೇ ಇಲ್ಲ.
ಒಂಬತ್ತು ದಿನ ನಾನು ಒಮ್ಮೆಯೂ
ಮುಚ್ಚಳ ತೆಗೆದು ನೋಡಲಿಲ್ಲ.
ಅವಳು ಕೈ ಹಾಕುವಾಗಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು
ಎಷ್ಟು ಉಳಿದಿದೆ ಎಂದು.

ಆಗಸ್ಟಿನಲ್ಲಿ ಬೋಟು ಅಳಿವೆಬಾಗಿಲು ದಾಟಿತು.
ಎಡವಿಬಲ ಕುಲುಕಾಟದಲ್ಲಿ ಮೊದಲ ದಿನದ ಅನ್ನ.
ಎಂಟು ಜನರ ಅಕ್ಕಿ ಅಳೆದೆ,
ಒಂದು ಹಿಡಿ ಚೀಲಕ್ಕೆ ಮರಳಿ ಹಾಕಿದೆ.
ತಾಂಡೇಲ ಲೋಕಯ್ಯಣ್ಣ ಕಂಡುಬಿಟ್ಟ:
"ಏನು ಭಂಡಾರಿ, ಸಾಹುಕಾರರ ಮೇಲೆ ಪ್ರೀತಿ ಬಂತಾ?"
"ಇಲ್ಲ, ಅಳತೆ ತಪ್ಪಿತು," ಅಂದೆ.

ಎಣ್ಣೆ ಡಬ್ಬ ಬಗ್ಗಿಸಿದೆ.
ಕೈ ತಾನಾಗಿ ನಿಂತಿತು.
ಬಂಗುಡೆ ತಳ ಹಿಡಿಯಿತು.
ಏಳೂ ಜನ ಬೈದರು.