ಫ್ರಿಜ್ಜಿನ ಮಾಗಿ

ವಿಜಾಪುರದ ಮಾಗಿ ಇದಕ್ಕ ಸಾಲೂದಿಲ್ಲ:
ನಸಿಕಿಗೆ ಶಾಲು, ಮಧ್ಯಾಹ್ನಕ್ಕ ಫ್ಯಾನು.
ಇದರ ತವರಿನ್ಯಾಗ ಚಳಿ ಅಂದ್ರ ಚಳಿ.

ಅದಕ್ಕ ಈ ನೊಣ ತಿನ್ನೂ ಗಿಡದ ಗಡ್ಡಿ
ಒದ್ದಿ ಪಾಚ್ಯಾಗ ಸುತ್ತಿ
ಫ್ರಿಜ್ಜಿನ್ಯಾಗ ಮಲಗಿಸೇನಿ,
ಶೇಂಗಾ ಹಿಂಡಿ, ಇನ್ಸುಲಿನ್ ಬಾಟ್ಲಿ ಮಗ್ಗಲಕ.

ಬಾಯಿಗಳೆಲ್ಲ ಕರ್ರಗ, ಸುಟ್ಟ ಬತ್ತಿ.
'ಸತ್ತದ್ದಕ್ಕ ಯಾಕ ತಂಪು?'
ಸೂಜಿ ಹೊತ್ತಿಗೊಮ್ಮೆ ಬಾಗಿಲಾ ತಗದು
ಬೋರಮ್ಮತ್ತಿ ಕೇಳ್ತಾಳ.
ಸತ್ತಿಲ್ಲತ್ತಿ. ಹಸಿವು ಮಡಚಿ ಇಟ್ಟೈತಿ.

ಮೊನ್ನೆ ಇಡೀ ದಿನ ಕರೆಂಟ್ ಇಲ್ಲ.
ಸಾಲಿಯಿಂದ ಓಡಿ ಬಂದೆ.
ಫ್ರಿಜ್ಜು ಖಾಲಿ.
ಪಡಸಾಲಿ ಮೂಲ್ಯಾಗ ಮಣ್ಣಿನ ಗಡಗಿ, ಮ್ಯಾಲ ಹಸಿ ಅರಿವಿ;
ಒಳಗ ಆಕಿ ಬಾಟ್ಲಿ,
ಬಾಟ್ಲಿಗೆ ಒರಗಿ ನನ್ನ ಡಬ್ಬಿ.

ಅತ್ತಿ ಕಾಟಿನ ಮ್ಯಾಲ
ಸುಳ್ಳ ನಿದ್ದಿ ಮಾಡಾಕತ್ತಿದ್ಲು,
ಬಾಯಿ ಅರ್ಧ ತಗದು.