ಜುಯೆಲನ ಮೂಗು

ಕಪ್ಪಾದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ,
ಚೋಕು ಸಿಕ್ಕಿಕೊಂಡಿರುತ್ತದೆ, ಹೆದರಬೇಡಿ.
ನೀಲಿಯಾದರೆ ಎಣ್ಣೆ ಉರಿಯುತ್ತಿದೆ:
ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಭುಸ್ಸೆಂದು ಒಮ್ಮೆ ಬಂದು ನಿಂತರೆ
ವಾಲ್ವಿನ ಸೀಲು,
ಕಾಲು ಒತ್ತಿದಾಗೆಲ್ಲ ಬಂದರೆ ರಿಂಗು.
ಆಗ ಸ್ವಲ್ಪ ಹೆದರಿ.

ಬಿಳಿ ಮಾತ್ರ ಸುಳ್ಳು ಹೇಳುತ್ತದೆ, ಮಾರಾಯ್ರೆ.
ಜನವರಿಯ ಸಲ್ಮಾಬಾದಿನಲ್ಲಿ
ಸಮುದ್ರದ ತೇವ ತಗಡಿನ ಮಾಡಿನಿಂದ ತೊಟ್ಟಿಕ್ಕುವ ಹೊತ್ತು
ಎಲ್ಲ ಗಾಡಿಗಳೂ ಬಿಳಿಯನ್ನೇ ಉಸಿರಾಡುತ್ತವೆ, ನಾನೂ.
ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ
ಕಣ್ಣಿನ ಕೆಲಸ ಅಲ್ಲಿಗೆ ಮುಗಿಯಿತು.
ಮುಂದಿನದು ಮೂಗಿನದು.

ಈ ಮೂಗು ಮಲ್ಪೆಯ ಬೋಟುಗಳಲ್ಲಿ ಪಾಠ ಕಲಿತದ್ದು.
ಮೀನು, ಡೀಸೆಲು, ಒದ್ದೆ ಹಗ್ಗ ಎಲ್ಲದರ ನಡುವೆ
ಯಾವ ಸಿಲಿಂಡರಿಗೆ ಬೇಸರವೆಂದು
ಧಕ್ಕೆಯ ಮೇಲೆ ನಿಂತೇ ಹೇಳುತ್ತಿತ್ತು.
ಹೋದ ವರ್ಷದ ಜ್ವರ ಉಳಿದದ್ದೆಲ್ಲ ಬಿಟ್ಟು
ಅದನ್ನೊಂದನ್ನೇ ತಕ್ಕೊಂಡು ಹೋಯಿತು.
ಎದ್ದ ದಿನ ಬಂಗುಡೆ ಸಾರಿನ ಮುಂದೆ ಕೂತು
ಬಿಸಿನೀರು ಕಲಸಿಕೊಂಡವನ ಹಾಗೆ ಉಂಡೆ.
ಡಾಕ್ಟರಿಗೆ ಹೇಳಿದೆ. ಗಿರಾಕಿಗಳಿಗೆ ಹೇಳಲಿಲ್ಲ.
ಈಗಲೂ ಸೈಲೆನ್ಸರಿನ ಹತ್ತಿರ ಬಗ್ಗುತ್ತೇನೆ,
ಹೊಗೆಯನ್ನು ಅಂಗೈಯಲ್ಲಿ ಮುಖಕ್ಕೆ ಬೀಸಿಕೊಳ್ಳುತ್ತೇನೆ,
ಹ್ಞೂಂ ಅನ್ನುತ್ತೇನೆ.

ಬೂ ಜಾಸಿಮ್ ತಂದದ್ದು ಎಪ್ಪತ್ತೊಂಬತ್ತರ ಕ್ಯಾಪ್ರಿಸ್,
ಖರ್ಜೂರದ ಬಣ್ಣ, ದೋಣಿಯಷ್ಟು ಉದ್ದ,
ಹೆಂಡತಿಗಿಂತ ಎರಡು ತಿಂಗಳು ಸೀನಿಯರ್.
ಮೂರು ಗ್ಯಾರೇಜಿನವರದೂ ಒಂದೇ ಮಾತು:
ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಒಳಗಿಳಿದಿದೆ, ಇಂಜಿನ್ ಬಿಚ್ಚಬೇಕು.
ಒಬ್ಬ ಗುಜರಿಯ ರೇಟೂ ಹೇಳಿದ್ದನಂತೆ.
ಅದನ್ನು ಹೇಳುವಾಗ ಮುದುಕ ಬಾನೆಟ್ಟಿನ ಮೇಲೆ ಕೈಯಿಟ್ಟು
ಕಾರಿಗೆ ಕೇಳಿಸದ ಹಾಗೆ ದನಿ ಇಳಿಸಿದ.

ರೇಡಿಯೇಟರು ನೋಡಿದೆ: ನೀರು ಕಂಠಮಟ್ಟ.
ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಎಣ್ಣೆಯಾಗಿಯೇ ಇದೆ,
ಮಜ್ಜಿಗೆಯಾಗಿಲ್ಲ.
ಹಿಂದೆ ಹೋಗಿ ಬಗ್ಗಿದೆ. ಬಿಸಿ ತಾಗಿತು, ಬೇರೇನಿಲ್ಲ.
"ಜುಯೆಲ್, ಇತ್ತ ಬಾ. ಸಿಹಿಯಾ?"

ಸಿಲ್ಹೆಟಿನ ಹುಡುಗ, ಬಂದು ಎಂಟು ತಿಂಗಳು.
ನನ್ನ ಮುಖ ನೋಡಿದ, ಪೈಪು ನೋಡಿದ,
ಉಸ್ತಾದ ಮೂಸಿದ್ದನ್ನು ಮತ್ತೆ ಯಾಕೆ ಮೂಸಬೇಕೆಂದು
ಕೇಳದೆ ಮೊಣಕಾಲೂರಿದ.
"ಸಿಹಿ ಇಲ್ಲ, ಉಸ್ತಾದ್."
"ಮತ್ತೆ?"
ಕಣ್ಣು ಮುಚ್ಚಿ ಹುಡುಕಿದ.
ನಮ್ಮಿಬ್ಬರ ಮುರುಕು ಹಿಂದಿಯಲ್ಲಿ ಆ ಶಬ್ದ ಇರಲಿಲ್ಲ.
"ಅಮ್ಮ ಇಲಿಶ್ ಕರಿದ ಮೇಲೆ ಬಾಣಲೆಯಲ್ಲಿ ಉಳಿಯುತ್ತದಲ್ಲ,
ಆ ಎಣ್ಣೆ.
ಮಾರನೆ ದಿನ ಮತ್ತೆ ಕಾಯಿಸಿದ್ದು."

ಸಿಹಿಯಲ್ಲವೆಂದರೆ ಕೂಲೆಂಟ್ ಅಲ್ಲ.
ಎಣ್ಣೆಯೇ, ಆದರೆ ಇಂಜಿನಿನದಲ್ಲ;
ಅದಾದರೆ ನೀಲಿ ಕಾಣಬೇಕಿತ್ತು.
ರಟ್ಟು ಹಾಸಿ ಗಾಡಿಯಡಿಗೆ ಜಾರಿದೆ.
ಗೇರ್‌ಬಾಕ್ಸಿನ ಬಲಗಡೆ
ನಶ್ಯದ ಡಬ್ಬಿಯಷ್ಟು ಸಣ್ಣದೊಂದು ತಗಡಿನ ತುಂಡು,
ಅದರೊಳಗೆ ರಬ್ಬರಿನ ಪರದೆ.
ಪರದೆ ಹರಿದರೆ ಇಂಜಿನ್ ತನ್ನ ಉಸಿರಿನೊಟ್ಟಿಗೇ
ಗೇರಿನ ಎಣ್ಣೆ ಹೀರುತ್ತದೆ,
ಮಗು ಸ್ಟ್ರಾ ಕಚ್ಚಿ ಶರಬತ್ತು ಹೀರಿದ ಹಾಗೆ.
ಹೋಸು ಎಳೆದೆ.
ಹಣೆಗೆ ಬಿತ್ತು
ಕೆಂಪು ಹನಿ.

ಆರು ದೀನಾರಿನ ಸಾಮಾನು, ಒಂದೇ ಬೋಲ್ಟು.
ಅಸರ್ ಬಾಂಗಿನ ಹೊತ್ತಿಗೆ ಕ್ಯಾಪ್ರಿಸ್
ಏನೂ ಆಗದವರ ಹಾಗೆ ಅಂಗಳದಲ್ಲಿ ಗುರುಗುಡುತ್ತಿತ್ತು.
ಬೂ ಜಾಸಿಮ್ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು
ಮೂಗಿಗೇ ಮುತ್ತು ಕೊಟ್ಟ,
"ಮಾಶಾ ಅಲ್ಲಾ, ಎಂಥ ಮೂಗು!" ಎಂದ.
ಅವನು ಹಚ್ಚಿದ ಊದಿನ ಅತ್ತರು ಎಷ್ಟು ಬೆಲೆಯದೋ.
ಜುಯೆಲ್ ಸ್ಪ್ಯಾನರು ಒರೆಸುತ್ತಿದ್ದ.
ತಲೆ ಎತ್ತಲಿಲ್ಲ, ನಗಲಿಲ್ಲ,
ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ
ರೂಮಿನ ದೀಪ ಆರಿಸುವ ಮೊದಲು
ಒಲೆಯ ಹತ್ತಿರ ಹೋಗಿ, ಸಿಲಿಂಡರಿನ ಕತ್ತಿಗೆ ಮುಖವಿಟ್ಟು
ಎರಡು ಸಲ ಉಸಿರೆಳೆದು ಬರುತ್ತಾನೆ.
ನಾನು ಹೇಳಿದ್ದಲ್ಲ.